ಗಾರ್ನೆಟ್ಟಿನ ಅಂಚು

ಕಲ್ಲು ಕುಯ್ಯುವುದು ನನ್ನ ಕೆಲಸ. ಚಾಂಪಿಯನ್ ರೀಫಿನ
ಹಳೇ ಕಚೇರಿಯ ಹಿಂದೆ ತಗಡಿನ ಶೆಡ್ಡು, ವಜ್ರದಂಚಿನ ಗರಗಸ,
ಗಾಜಿನ ಹಲಗೆಯ ಮೇಲೆ ಕಾರ್ಬೊರಂಡಮ್ ಪುಡಿ, ನೀರು.
ಉಜ್ಜಬೇಕು, ಉಜ್ಜಬೇಕು,
ಕರಿಕಲ್ಲಿನ ಹಿಂದೆ ಪೇಪರಿನ ಅಕ್ಷರ ಕಾಣುವ ತನಕ.
ಇನ್ನೊಂದು ಸುತ್ತು ಉಜ್ಜಿದಿರೋ, ಏನೂ ಉಳಿಯುವುದಿಲ್ಲ.

ಇವತ್ತಿನ ಚೂರು ಬೇತಮಂಗಲದ ದಾರಿಯದು.
ಅದರಲ್ಲೊಂದು ಗಾರ್ನೆಟ್, ಕಡಲೆಕಾಳಿನಷ್ಟು, ಹುಣಸೆಬೀಜದ ಬಣ್ಣ.
ಬೆಳೆಯುತ್ತಲೇ ಉರುಳಿದೆ: ಒಳಗಿನ ಚುಕ್ಕಿಗಳ ಸಾಲು
ಚಕ್ಕುಲಿಯ ಹಾಗೆ ಸುತ್ತಿಕೊಂಡಿದೆ.
ಆಸುಪಾಸಿನ ಕಲ್ಲೆಲ್ಲ ಒಂದೇ ಕಡೆಗೆ ಜಾರುವಾಗ
ಇದು ಜಾರಲಿಲ್ಲ, ತಿರುಗಿತು.

ಆಮೇಲೆ ಮೇಲಿದ್ದ ಬೆಟ್ಟ ಸವೆಯಿತು. ಅಷ್ಟೆ.
ಭಾರ ಇಳಿದರೆ ಹಾಯೆನಿಸಬೇಕಲ್ಲ?
ಭಾರಕ್ಕೇ ಒಗ್ಗಿದ್ದ ಮೈ
ಅಂಚಿನಿಂದ ಕಳಚತೊಡಗಿತು.
ಸುತ್ತ ಬಿಳಿ ಫೆಲ್ಡ್‌ಸ್ಪಾರಿನ ಬಳೆ, ಬಳೆಯೊಳಗೆ
ಎರೆಹುಳದಂಥ ಹಸಿರು ಹಾರ್ನ್‌ಬ್ಲೆಂಡ್,
ಎಲ್ಲಿಂದಲೋ ಒಸರಿದ ಒಂದಿಷ್ಟು ನೀರು, ಲೆಕ್ಕವಿಲ್ಲದ ಕಾಲ.
ನಡುಮಧ್ಯ ಮಾತ್ರ ಹಾಗೇ ಕೆಂಪು.

ಅಪ್ಪ ಸವರಿಮುತ್ತು, ಪಾಳಿ ಮುಗಿಸಿ
ಕೇಜಿನಲ್ಲಿ ಮೇಲೆ ಬರುವಾಗ ಕಿವಿ ಪಟ್ಟೆಂದು ಬಿಡುತ್ತಿತ್ತಂತೆ.
ಮನೆಗೆ ಬಂದು ಹೊಸಿಲ ಮೇಲೆ ಕೂತರೆ, ಬೂಟು ಬಿಚ್ಚದೆ,
ಒಂದು ತಾಸು ಮಾತಿಲ್ಲ.
'ಏನೂ ಕೇಳಬೇಡ, ಇನ್ನೂ ಮೇಲೆ ಬಂದಿಲ್ಲ'
ಅನ್ನುತ್ತಿದ್ದಳು ಅಮ್ಮ, ಕಾಫಿ ಲೋಟ ಮುಚ್ಚಿಟ್ಟು.

ಕೆಳಗೆ ಕಲ್ಲಿಗೆ ಅಷ್ಟು ವ್ಯವಧಾನವಿರಲಿಲ್ಲ.
ಒಂದು ಮಗ್ಗುಲು ಕಡಿದು ಖಾಲಿ ಮಾಡಿದರೆ,
ಒತ್ತಿಕೊಂಡಿದ್ದುದು ಒಮ್ಮೆಲೇ ತಪ್ಪಿದರೆ, ಸಿಡಿಯುತ್ತಿತ್ತು.
ಗೂಡಿನ ಪಾತ್ರೆ ಅಲ್ಲಾಡಿತೆಂದರೆ ಲೈನಿನ ಹೆಂಗಸರೆಲ್ಲ
ಶಾಫ್ಟಿನ ಕಡೆಗೆ, ಒಲೆ ಆರಿಸದೆ.
ಒಮ್ಮೆ ಅಮ್ಮನೂ ಓಡಿದ್ದಳು, ನನ್ನನ್ನು ಕಂಕುಳಲ್ಲಿಟ್ಟು.
ಅಪ್ಪ ಬಂದ. ಜೊತೆಗಾರ ತಂಗವೇಲು ಬರಲಿಲ್ಲ.
ಅವತ್ತಿನಿಂದ ಒಂದು ತಾಸು ಎರಡಾಯಿತು.

ಸೂಕ್ಷ್ಮದರ್ಶಕಕ್ಕೆ ಎರಡನೇ ಪೋಲರಾಯ್ಡ್ ಅಡ್ಡ ಹಾಕಿದೆ.
ಹಾರ್ನ್‌ಬ್ಲೆಂಡಿಗೆ ನೀಲಿ, ಹಳದಿ; ಫೆಲ್ಡ್‌ಸ್ಪಾರಿಗೆ ಜಮಖಾನದ ಪಟ್ಟೆ;
ಗಾರ್ನೆಟ್ ಕಪ್ಪು. ತಟ್ಟೆಯನ್ನು ಪೂರಾ ಒಂದು ಸುತ್ತು ತಿರುಗಿಸಿದೆ.
ಕಪ್ಪೇ.
ಬೆಳಗುವುದೆಲ್ಲ ಅಂಚು.

'ಆ ಅಂಚಿನಿಂದಲೇ ಲೆಕ್ಕ ಹಾಕೋದು,
ಎಷ್ಟು ಆಳದಿಂದ ಮೇಲೆ ಬಂತು ಅಂತ' ಎಂದರು ವನಜಾಕ್ಷಿ ಮೇಡಂ.
ಪೂರ್ತಿ ಬಂದುಬಿಟ್ಟಿದ್ದರೆ? ಕೇಳಿದೆ.
'ಆಗ ಗಾರ್ನೆಟ್ಟೇ ಇರುತ್ತಿರಲಿಲ್ಲ.'

ಸ್ಲೈಡಿನ ಮೂಲೆಗೆ ನಂಬರು ಕೆತ್ತಿದೆ.