ಹೊಗೆ ಸುಲಭ

ಗ್ಯುಮ್ರಿಯ ಗೋರಿಗಳಿಗೆ ಕಲ್ಲು ಕೆತ್ತುವವ ನಾನು.
ಮೂವತ್ತೊಂದು ವರ್ಷ; ಸತ್ತವರ ಹೆಸರಿನಲ್ಲಿ
ಇದುವರೆಗೆ ಒಂದಕ್ಷರ ತಪ್ಪಿಲ್ಲ.

ಮಾರ್ಚಿನ ಕೆಸರು ಮೆಟ್ಟಿಕೊಂಡು ಬಂದಳು ಆರುಸ್ಯಾಕ್,
ಚೀಲದಿಂದ ಫೋಟೋ ತೆಗೆದಳು:
ಲಾರಿಯ ಬಾಗಿಲಿಗೊರಗಿದ ಹ್ಮಾಯಕ್,
ಎದೆ ತೆರೆದ ಹೂಹೂ ಅಂಗಿ, ಬೆರಳ ಸಂದಿಯಲ್ಲಿ ಸಿಗರೇಟು.
'ಹೀಗೇ ಬೇಕು. ಆಳೆತ್ತರ.
ಅಂಗಿಯ ಹೂ ಒಂದೂ ಬಿಡಬಾರದು.
ಕಲ್ಲಿನಲ್ಲಿ ಹೊಗೆ ಬರುತ್ತದಾ?'

ಬರುತ್ತದೆ. ಹೊಗೆ ಸುಲಭ.
ನಾನು ಹೇಳಲಿಲ್ಲ.

ದ್ರಾಕ್ಷಿಬಳ್ಳಿ ತೋರಿಸಿದೆ, ದಾಳಿಂಬೆ ತೋರಿಸಿದೆ,
ನನ್ನಜ್ಜ ಕಡೆಯುತ್ತಿದ್ದ ಶಿಲುಬೆಯ ಹೆಣಿಗೆ ತೋರಿಸಿದೆ.
'ಇದು ಗೌರವ, ತಾಯಿ. ಅದು
ಬಸ್ ನಿಲ್ದಾಣದ ಜಾಹೀರಾತು.'

ಸಂಜೆ ಹೆಂಡತಿಯೆದುರು ಮೂಗು ಮುರಿದೆ: 'ಕೆಟ್ಟ ಅಭಿರುಚಿ.'
ಊಟ ಮುಗಿಯುವಷ್ಟರಲ್ಲಿ ಎರಡನೆಯ ಪದ
ಚಕ್ಕೆಯಂತೆ ಸಿಡಿದು ಹೋಗಿತ್ತು.
ಮೊದಲನೆಯದು ಮಾತ್ರ ಉಳಿದು
ಹ್ಮಾಯಕನಿಗೆ ಅಂಟಿಕೊಂಡಿತು:
ಅಂಥ ಅಂಗಿಯವನು ಹೆಂಡತಿಗೆ ಹೊಡೆದಿರಬೇಕು,
ಸಾಲ ತೀರಿಸಿರಲಿಕ್ಕಿಲ್ಲ,
ಆ ಡಿಸೆಂಬರಿನ ಭೂಕಂಪದಲ್ಲಿ
ಯಾರ ಮನೆಯ ತಾಮ್ರಕ್ಕೆ ಕೈ ಹಾಕಿದ್ದನೋ.
ನನಗೆ ಗೊತ್ತಿದ್ದದ್ದು ಒಂದು ಅಂಗಿ.

ಬಳ್ಳಿಯನ್ನೇ ಕೆತ್ತಿದೆ. ಸೊಗಸಾಗಿ ಬಂತು.
ಅವಳು ದುಡ್ಡು ಎಣಿಸಿ ಕೊಟ್ಟಳು.
'ಚೆಂದ ಇದೆ' ಅಂದಳು,
ಪರರ ಮದುವೆಯಲ್ಲಿ ಊಟದ ಬಗ್ಗೆ ಅನ್ನುವ ಹಾಗೆ.

ಮರುವರ್ಷ ಪಕ್ಕದ ಗೋರಿಯ ಅಳತೆಗೆ ಹೋದಾಗ ಕಂಡೆ:
ಬಳ್ಳಿಯ ಕೆಳಗಿನ ಎಲೆ ಕಂದುಗಟ್ಟಿದೆ.
ಕಾವಲಿನ ಸೆರೋಬ್ ಹೇಳಿದ:
ಭಾನುವಾರಕ್ಕೊಂದು ಸಿಗರೇಟು. ತಾನೇ ಹಚ್ಚುತ್ತಾಳೆ,
ಒಂದು ದಮ್ಮೆಳೆದು, ಕಣ್ಣಲ್ಲಿ ನೀರು ಬರುವಂತೆ ಕೆಮ್ಮಿ,
ಆ ಎಲೆಯ ಮೇಲಿಟ್ಟು, ಉರಿದು ಮುಗಿಯುವ ತನಕ ಕೂರುತ್ತಾಳೆ.
'ಒಳ್ಳೆಯವನಾಗಿದ್ದನಾ ಅವನು?'
ಸೆರೋಬ್ ಭುಜ ಕುಣಿಸಿದ: 'ಲಾರಿ ಓಡಿಸುತ್ತಿದ್ದ.'

ಒರೆಸಲೆಂದು ಬಟ್ಟೆ ಒದ್ದೆ ಮಾಡಿಕೊಂಡೆ,
ಹಿಂಡಿ ಮತ್ತೆ ಜೇಬಿಗೆ ಹಾಕಿಕೊಂಡೆ.
ನಾನು ಬಿಡಿಸಿದ ಎಲೆಗಳಲ್ಲಿ
ಅದೊಂದು ಅವನದು.

ಆ ಅಂಗಿ ನನಗೆ ಈಗಲೂ ಸೇರುವುದಿಲ್ಲ.
ಇನ್ನು ಮುಂದೆಯೂ ಸೇರಲಿಕ್ಕಿಲ್ಲ.
ಫೋಟೋ ನನ್ನ ಬಳಿಯೇ ಇದೆ;
ಅವಳು ಕೇಳಲಿಲ್ಲ, ನಾನು ಕೊಡಲಿಲ್ಲ.
ನಿನ್ನೆ ದೀಪದಡಿ ಹಿಡಿದು ಹೂ ಎಣಿಸಿದೆ:
ತೋಳಿನವೂ ಸೇರಿ ನಲವತ್ತಮೂರು,
ಒಂದು ಅರ್ಧ, ಗುಂಡಿಯ ಮರೆಯಲ್ಲಿ.

ಕಲ್ಲಿನ ಹಿಂಬದಿ ಖಾಲಿ ಇದೆ.
ಹೋಗಿ ಕೇಳಬೇಕು ಅವಳನ್ನು,
ಉಳಿ ಇಲ್ಲದೆ,
ಟೋಪಿ ಕೈಯಲ್ಲಿ ಹಿಡಿದು.