ಉಸಿರು ಬಿಡಬೇಡ

ಐದು ಭಾಷೆ ಬರುತ್ತವೆ ನನಗೆ, ಒಂದೊಂದರಲ್ಲೂ ಒಂದೇ ವಾಕ್ಯ.
ಸಾಂಸ್ ರೋಕೋ. ಶ್ವಾಸಂ ಪಿಡಿಚ್ಚೋ. ದೊಮ್ ಬೊಂಧೊ ಕೊರೊ.
ನೇಪಾಳದವರಿಗೆ ಸಾಸ್ ರೋಕ್ನುಸ್,
ಅರಬ್ಬಿಯಲ್ಲಿ ಲಾ ತತನಫ್ಫಸ್.
ಮಸ್ಕತ್ತಿನ ರೂವಿಯಲ್ಲಿ, ಬಸ್ ಸ್ಟ್ಯಾಂಡಿನ ಹಿಂದೆ,
ವೀಸಾ ಮೆಡಿಕಲ್ಲಿನ ನೆಲಮಾಳಿಗೆಯಲ್ಲಿ
ದಿನಕ್ಕೆ ಇನ್ನೂರು ಎದೆ.
ಅಂಗಿ ಬಿಚ್ಚಿ, ತಾಯಿತ ಬಿಚ್ಚಿ,
ಗಲ್ಲ ಮೇಲೆ, ಭುಜ ಮುಂದೆ,
ತಣ್ಣನೆಯ ಫಲಕಕ್ಕೆ ಒತ್ತಿ ನಿಲ್ಲುತ್ತಾರೆ
ಬೆನ್ನಿಗೆ ಯಾರೋ ಬಂದೂಕು ಹಿಡಿದಂತೆ.

ಇಷ್ಟು ವರ್ಷ ನನ್ನ ಪರದೆಯಲ್ಲಿ ಎರಡೇ ಕಾಲಮ್ಮು:
ಹೆಸರು, ಶ್ವಾಸಕೋಶ.
ರಂಜಾನ್ ಕಳೆದ ವಾರ ಒಬ್ಬ ಹುಡುಗ ಬಂದ,
ಕೊರಳಲ್ಲಿ ಬೇರೆ ಇಲಾಖೆಯ ಬಿಲ್ಲೆ.
ಒಂದು ವೈರು ಎಳೆದು ಮೂರನೆಯದನ್ನು ಸೇರಿಸಿದ: ಭದ್ರತೆ.
‘ನೀವು ಕೆಂಪು ಒತ್ತಿದರೆ ಸಾಕು ಸಿಸ್ಟರ್,
ಉಳಿದದ್ದು ತಾನೇ ಹೋಗುತ್ತದೆ.’
ಪಾಸ್‌ಪೋರ್ಟ್ ಕಚೇರಿಗೆ, ಏರ್‌ಪೋರ್ಟಿಗೆ,
ಮೂಲೆಯ ಠಾಣೆಗೆ, ಅವನ ಸಿಮ್ ಕಾರ್ಡಿಗೂ.
‘ಆಸ್ಪತ್ರೆಗೆ?’ ಅಂದೆ.
ಹುಡುಗ ಹಾಳೆ ತಿರುವಿದ.
‘ಅದು ಮುಂದಿನ ಹಂತದಲ್ಲಿ.’

ಬುಡ್ಡೇಸಾಬ್, ಮೂವತ್ತೊಂದು, ಕಾರಟಗಿ ಕಡೆಯವ.
‘ಹಿಂಗ ನಿಂದ್ರಬೇಕೇನ್ರೀ ಅಕ್ಕಾರ?’
ಹನ್ನೆರಡು ವರ್ಷದಲ್ಲಿ ಮೊದಲ ಸಲ
ಆ ಕೋಣೆಯಲ್ಲಿ ನನ್ನ ಬಾಯಿಂದ ಕನ್ನಡ ಬಂತು:
ಉಸಿರು ಬಿಡಬೇಡ.
ಎಡಗಡೆ, ಕೊರಳೆಲುಬಿನ ಕೆಳಗೆ, ಒಂದು ಬಿಳಿ ಕಲೆ,
ಎಲೆಗೆ ಸವರಿ ಮಿಕ್ಕ ಸುಣ್ಣವನ್ನು
ಕಂಬಕ್ಕೆ ಒರೆಸಿದ ಹಾಗೆ.
ಹಳೆಯದು, ಒಣಗಿದ್ದು.
‘ಸಣ್ಣಾಂವ ಇದ್ದಾಗ ಆರು ತಿಂಗಳು ಗುಳಿಗಿ ನುಂಗೀನ್ರೀ,
ಅವ್ವ ದಿನಾ ತತ್ತಿ ತಿನ್ನಸ್ತಿದ್ಲು.’
ತತ್ತಿಯ ಲೆಕ್ಕ ಕಾನೂನಿಗಿಲ್ಲ.
ಬಿಳಿ ಅಂದರೆ ಕೆಂಪು.

ನಾನು ಒತ್ತಲಿಲ್ಲ.
‘ಚಿತ್ರ ಅಲುಗಿದೆ, ನಾಳೆ ಬರಬೇಕು’ ಎಂದು ಬರೆದೆ,
ಕಫಕ್ಕೆಂದು ನೀಲಿ ಮುಚ್ಚಳದ ಡಬ್ಬಿ ಕೊಟ್ಟೆ.
ಅವನು ಮುಖ ನೋಡಿದ.
ಅಲುಗಿದ್ದು ಯಾವುದೆಂದು ಅವನಿಗೆ ತಿಳಿಯಿತು.

ನಾಳೆ ಬರಲಿಲ್ಲ. ನಾಡಿದ್ದೂ.
ಡಬ್ಬಿ ಸಿಕ್ಕಿತಂತೆ, ಕ್ಯಾಂಪಿನ ನಲ್ಲಿಯ ಹತ್ತಿರ, ಖಾಲಿ.
ಬರ್ಕಾದಲ್ಲೋ ಸೂರ್‌ನಲ್ಲೋ ಈಗ
ಹನ್ನೊಂದು ಮಂಚದ ಕೋಣೆಯಲ್ಲಿ ಹನ್ನೆರಡನೆಯವನಾಗಿ
ದಿಂಬಿಗೆ ಬಾಯೊತ್ತಿ ಕೆಮ್ಮುತ್ತಿರಬಹುದು.
ಕೆಮ್ಮೇ ಇಲ್ಲದಿರಬಹುದು.
ಸುದ್ದಿ ಮಾತ್ರ ಕ್ಯಾಂಪಿನಿಂದ ಕ್ಯಾಂಪಿಗೆ ಹಬ್ಬಿತು,
ಯಾವ ರೋಗಕ್ಕೂ ಇಲ್ಲದ ವೇಗದಲ್ಲಿ.
ಕ್ಲಿನಿಕ್ಕಿನ ಬೆಂಚು ಬರಿದು,
ಕೆಮ್ಮಿನ ಸಿರಪ್ಪಿಗೂ ಜನ ಇಲ್ಲ.
ತಿಂಗಳ ಕೊನೆಗೆ ವರದಿ ಹೋಯಿತು: ಪ್ರಕರಣಗಳು ಇಳಿದಿವೆ.
ಮೀಟಿಂಗಿನಲ್ಲಿ ಖರ್ಜೂರ ಹಂಚಿದರು. ನಾನೂ ಎರಡು ತಿಂದೆ.

ವಿಚಾರಣೆಗೆ ಬಂದವನು ಖಲ್ಫಾನ್.
ಎರಡು ಸಲ ಹಗಲಲ್ಲಿ, ಸಮವಸ್ತ್ರದಲ್ಲಿ:
ಅಲುಗಿದ ಚಿತ್ರ ತೋರಿಸು.
ತೋರಿಸಿದೆ. ಕಲ್ಲಿನ ಹಾಗೆ ನಿಶ್ಚಲವಾಗಿತ್ತು ಅದು.
ಪುಣ್ಯಕ್ಕೆ ಅವನಿಗೆ ಎದೆ ಓದಲು ಬಾರದು.

ಮೂರನೆಯ ಸಲ ರಾತ್ರಿ, ಪಾಳಿ ಮುಗಿದ ಮೇಲೆ,
ದಿಶ್‌ದಾಶಾ ತೊಟ್ಟು, ಟೋಪಿ ಕೈಯಲ್ಲಿ.
ಐದು ತಿಂಗಳಿಂದ ಮಂಚ ಮಂಚದಡಿಗೆ ಟಾರ್ಚು ಬಿಟ್ಟು
ಹುಡುಕಿದ್ದಾನೆ, ಬುಡ್ಡೇಸಾಬನನ್ನು, ಅವನಂಥವರನ್ನು,
ಅವರು ಬಿಟ್ಟ ಗಾಳಿಯನ್ನೇ ಕುಡಿದು.
ಮನೆಯಲ್ಲಿ ನಲವತ್ತು ದಿನದ ಕೂಸು.
‘ಒಂದು ಚಿತ್ರ ತೆಗಿ. ಕಂಪ್ಯೂಟರಿಗೆ—’
ಮೊಣಕೈಗೆ ಕೆಮ್ಮಿದ, ಬಹಳ ಹೊತ್ತು.
‘ಕಂಪ್ಯೂಟರಿಗೆ ಹಾಕಬೇಡ. ಯಾರಿಗೂ ಹೇಳಬೇಡ.’
ನಮ್ಮಲ್ಲಿ ಗುಟ್ಟಿಗೂ ಎಕ್ಸ್‌ರೇಗೂ ಮಾತು ಒಂದೇ
ಎಂದು ಅವನಿಗೆ ಹೇಗೆ ಹೇಳಲಿ?

ಗಲ್ಲ ಮೇಲೆ. ಭುಜ ಮುಂದೆ.
ಫಲಕ ಅವನಿಗೂ ತಣ್ಣಗೇ ಇತ್ತು, ಬೆಚ್ಚಿದ.
ಗಾಜಿನ ಹಿಂದೆ ಹೋಗಿ ನಿಂತೆ.
ಹೆಸರಿನ ಜಾಗದಲ್ಲಿ ಕರ್ಸರ್ ಮಿಟುಕುತ್ತಿತ್ತು.
ಉಸಿರು ಬಿಡಬೇಡ ಎಂದೆ, ಕನ್ನಡದಲ್ಲೇ.
ಎಷ್ಟೋ ಕಾಲದಿಂದ ಬಲ್ಲವನ ಹಾಗೆ
ಬಿಗಿ ಹಿಡಿದ.