ಇನ್ನೂ, ಇನ್ನೂ, ಇನ್ನೂ

ಮೊರ್ವೆಲ್ ಊರಿನ ಎದೆರೋಗದ ಕ್ಲಿನಿಕ್ಕು,
ಬುಧವಾರ, ಒಂಬತ್ತೂವರೆ.
ಗ್ರೇಮ್ ಪಾಸ್ಕೋ ಟೋಪಿ ತೆಗೆದು ಮಂಡಿಯ ಮೇಲಿಟ್ಟು
ಕೂತಿದ್ದಾನೆ, ಶಾಲೆಗೆ ತಡವಾಗಿ ಬಂದ ಹುಡುಗನ ಹಾಗೆ.
ಮೂಗಿಗೆ ಕ್ಲಿಪ್ಪು ಸಿಕ್ಕಿಸುತ್ತೇನೆ,
ಬಾಯಿಗೆ ರಟ್ಟಿನ ಕೊಳವೆ.
ಆದಷ್ಟು ಎಳೆದುಕೊಳ್ಳಿ. ಈಗ ಊದಿ.
ಊದಿ, ಊದಿ, ಊದಿ,
ಇನ್ನೂ, ಇನ್ನೂ, ಇನ್ನೂ…
ಇಡೀ ದಿನ ಇಂಗ್ಲಿಷಿನಲ್ಲಿ ನಾನು ಕೂಗುವುದು ಇದನ್ನೇ.
ನನ್ನ ಕಿವಿಗೆ ಬೀಳುವುದು ಮಾತ್ರ ಕನ್ನಡದಲ್ಲಿ.

ಪರದೆಯ ಮೇಲೆ ಗೆರೆಯೊಂದು ಜಿಗಿದು
ಪೂರಾ ಗುಡ್ಡವಾಗುವ ಮೊದಲೇ ಇಳಿಯುತ್ತದೆ.
ಹೋದ ವರ್ಷದ ಗೆರೆ ಅದರ ಹಿಂದೆ, ತಿಳಿನೀಲಿ.
ಅದರಾಚೆಗಿನದು ಅದಕ್ಕೂ ಹಿಂದೆ.
ಒಂದರೊಳಗೊಂದು ಕೂರುವ ಡಬರಿಗಳ ಹಾಗೆ
ಸಣ್ಣಗಾಗುತ್ತ ಬಂದಿದ್ದಾನೆ ಮನುಷ್ಯ.

ಫಾರಂ ಕೇಳುತ್ತದೆ: ಸೇದುತ್ತೀರಾ?
ಇಲ್ಲ.
ಹಿಂದೆ ಎಂದಾದರೂ?
ನಗುತ್ತಾನೆ. ನಗು ಕೆಮ್ಮಾಗುತ್ತದೆ.
ಅದು ಮುಗಿಯುವ ತನಕ ನಾನು ಕಿಟಕಿ ನೋಡುತ್ತೇನೆ.
"ಸಿಗರೇಟು ಮುಟ್ಟಿಲ್ಲ. ಕಲ್ಲಿದ್ದಲ ಗಣಿ ಒಂದು ಸೇದಿದ್ದೀನಿ,
ಪೂರ್ತಿ."
ಅದಕ್ಕೆ ಫಾರಮಿನಲ್ಲಿ ಚೌಕ ಇಲ್ಲ.
ನೀರಿಗೂ ಹೊಗೆಗೂ ನನ್ನ ಭಾಷೆಯಲ್ಲಿ
ಸೇದುವುದೊಂದೇ ಎಂದು ಅವನಿಗೆ ಹೇಳಬೇಕೆನಿಸಿತು,
ಹೇಳಲಿಲ್ಲ.

ಕಸುಬು ನಲ್ಲಿ ರಿಪೇರಿ.
ಬೆಂಕಿ, ಊರಿನ ಋಣಕ್ಕೆ: ಸ್ವಯಂಸೇವಕ ದಳ,
ಹಳದಿ ಅಂಗಿ, ಸಂಬಳವಿಲ್ಲ.
ಗಣಿ ಹೊತ್ತಿಕೊಂಡ ಬೇಸಗೆ ವಾರಗಟ್ಟಲೆ ಹೊಂಡದ ಅಂಚಿನಲ್ಲಿ.
"ಕಾಡಿನ ಬೆಂಕಿ ಎದುರಿಗೆ ನಿಂತು ಕಾದುತ್ತೆ.
ಇದು, ಇಲ್ಲಿ ನೀರು ಬಿಟ್ಟರೆ ಅಲ್ಲಿ ಏಳೋದು.
ಗೇಟಲ್ಲಿ ಬೆರಳಿಗೊಂದು ಯಂತ್ರ ಕಚ್ಚಿಸಿ
ರಕ್ತದಲ್ಲಿ ಹೊಗೆ ಎಷ್ಟು ಅಂತ ನೋಡೋರು.
ಅಂಕಿ ಜಾಸ್ತಿ ಬಂದರೆ ಬೆಂಚು, ಅರ್ಧ ಗಂಟೆ, ಒಂದು ಬಿಸ್ಕತ್ತು.
ಆಮೇಲೆ ಮತ್ತೆ ಇಳಿಯೋದು."
ಬಾಯಿಗೆ ಕಟ್ಟಿಕೊಂಡದ್ದು ಪೇಂಟರುಗಳ ಕಾಗದದ ಮಾಸ್ಕು.

ಒಂದೇ ಟ್ರಕ್ಕಿನಲ್ಲಿ ಐದು ಜನ.
ಹೆಂಕ್ ಬೋಸ್ಮಾನಿಗೆ ರಕ್ತ ಕೆಟ್ಟಿತು.
ಪಂಪಿನ ಹತ್ತಿರ ನಿಲ್ಲುತ್ತಿದ್ದ ನೋಲೀನ್ ಟ್ಯಾರಂಟ್
ಮೊಲೆಯೊಂದನ್ನು ಆಸ್ಪತ್ರೆಗೆ ಕೊಟ್ಟು ಬಂದಳು.
ನಾಲ್ಕನೆಯವನ ಹೆಸರೆತ್ತಲಿಲ್ಲ,
"ಶೆಡ್ಡಿನಲ್ಲಿ ಸಿಕ್ಕಿದ" ಎಂದ, ಅಷ್ಟೆ.
ಐದನೆಯವನು ಆರೋಗ್ಯವಾಗಿದ್ದಾನೆ;
ಯಾರನ್ನೂ ಮಾತಾಡಿಸುವುದಿಲ್ಲ.

ಮನೆಯಲ್ಲಿ ಇದರ ಬಗ್ಗೆ ಉಸಿರೆತ್ತಿಲ್ಲವಂತೆ.
ಅವನ ಹಳದಿ ಅಂಗಿಯನ್ನು ಮಕ್ಕಳ ಯೂನಿಫಾರಮ್ಮಿನ ಜೊತೆ
ಒಂದೇ ಮೆಷಿನ್ನಿಗೆ ಹಾಕಿ
ನೀರು ಕಪ್ಪಗೆ ಇಳಿಯುವುದನ್ನು ನೋಡಿ
ಇನ್ನೊಂದು ಚಮಚ ಸೋಪಿನ ಪುಡಿ ಹಾಕಿದವಳು
ಅವನ ಹೆಂಡತಿ. ಅವಳಿಗೆ ಹೇಳುವುದೇನಿದೆ.

"ಪರಿಹಾರ ಬೇಕಂದ್ರೆ ಸಾಬೀತು ಮಾಡಬೇಕು,
ಯಾವ ದಿನ, ಎಷ್ಟು ಗಂಟೆ, ಎಷ್ಟು ಹೊಗೆ."
ದಳದ ಹಾಜರಿ ಪುಸ್ತಕ ಹೊಸ ಕಟ್ಟಡಕ್ಕೆ ಸಾಗಿಸುವಾಗ ಕಳೆದಿದೆ.
ಉಳಿದ ದಾಖಲೆಯೆಂದರೆ ಈ ಎದೆ.
ಅದಕ್ಕೆ ಸಹಿ ಹಾಕಲು ಬರುವುದಿಲ್ಲ.

ನನ್ನಜ್ಜಿ ತಿಪಟೂರಿನ ಹಾಸ್ಟೆಲೊಂದರಲ್ಲಿ ಅಡುಗೆಯವಳು.
ಎಂಬತ್ತು ಹುಡುಗರ ಮುದ್ದೆ, ಹಸಿ ಹುಣಸೆ ಸೌದೆ,
ಕಬ್ಬಿಣದ ಊದುಕೊಳವೆ.
ಕೆನ್ನೆ ಉಬ್ಬಿಸಿ ಊದುತ್ತಿದ್ದಳು, ಒಲೆ ಏಳಲಿ ಎಂದು.
ಅವಳ ಕೆಮ್ಮಿಗೆ ಯಾರೂ ಗೆರೆ ಎಳೆದು ನೋಡಲಿಲ್ಲ.
ಅವಳಿಗೆ ಎಷ್ಟು ಲೀಟರು ಉಳಿದಿತ್ತೋ.

ಮೂರು ಸಲ ಊದಿಸಿ, ಇದ್ದುದರಲ್ಲಿ ಒಳ್ಳೆಯದನ್ನು
ಬರೆದುಕೊಳ್ಳುವುದು ಇಲ್ಲಿಯ ನಿಯಮ.
ಎರಡಾಗಿದೆ. ಮೂರನೆಯದಕ್ಕೆ ಕೊಳವೆ ಕಚ್ಚುವಾಗ
ಸೊಂಟದ ಪೇಜರು ಕಿರುಚಿತು:
ಹೆದ್ದಾರಿ ಪಕ್ಕ ಒಣಹುಲ್ಲು.
ಅವನೀಗ ಟ್ರಕ್ಕು ಹತ್ತುವ ಹಾಗಿಲ್ಲ,
ರೇಡಿಯೋ ಮುಂದೆ ಕೂರುತ್ತಾನೆ, ಚಹಾ ಕಾಯಿಸುತ್ತಾನೆ.
ಆದರೂ ಮೂಗಿನ ಕ್ಲಿಪ್ಪಿನ ಸಮೇತ
ಅರ್ಧ ಎದ್ದು ನಿಂತಿದ್ದ.

ಇನ್ನೊಂದೇ ಸಲ, ಅಂದೆ.
ನಿಂತೇ ಊದಿದ, ಬಾಗಿಲು ನೋಡುತ್ತ.
ಎರಡು ಲೀಟರಿಗೆ ತುಸು ಮೇಲೆ.
ಬರೆದುಕೊಂಡೆ.